ಕೆಂಪು ಬಾಳೆಯ ಕಂದು

ಕಲಬುರಗಿಯಿಂದ ಹುಮನಾಬಾದಿನ ರಸ್ತೆ ಹಿಡಿದು ಹೊರಟವರಿಗೆ, ತೊಗರಿ ಬೆಳೆಯುವ ಕರಿಯ ಎರೆಭೂಮಿ ಮೆಲ್ಲಮೆಲ್ಲನೆ ಹಿಂದೆ ಸರಿದು ಕೆಮ್ಮಣ್ಣು ತಲೆದೋರುವ ಎಡೆಯಲ್ಲಿ ಕಮಲಾಪುರ ಸಿಕ್ಕುತ್ತದೆ. ಈಗ ಅದು ತಾಲ್ಲೂಕಿನ ಕೇಂದ್ರ. ನಾನು ಹುಟ್ಟಿದಾಗ ಅದೊಂದು ದೊಡ್ಡ ಹಳ್ಳಿ. ಊರಿನ ಹೆಸರನ್ನು ನಾಡಿಗೆ ತಿಳಿಸಿದ್ದು ಅಲ್ಲಿಯ ಕೆಂಪು ಬಾಳೆ. ಅದಕ್ಕೆ ಭೌಗೋಳಿಕ ಸೂಚಕವೆಂಬ ಸರಕಾರಿ ಮುದ್ರೆಯೂ ಬಿದ್ದಿದೆ. ತೋಟಗಳು ಮಾತ್ರ ನಮ್ಮ ಮುತ್ಯಾನ ಕಾಲದಷ್ಟು ಉಳಿದಿಲ್ಲ. ಬೇರೆ ಬಾಳೆ ವರ್ಷದ ಆಸುಪಾಸಿನಲ್ಲಿ ಗೊನೆ ಕೊಟ್ಟರೆ ಇದು ಒಂದೂವರೆ ವರ್ಷ ಕಾಯಿಸುತ್ತದೆ. ಅಷ್ಟು ಕಾಯುವ ತಾಳ್ಮೆ ಎಲ್ಲರಿಗೂ ಎಲ್ಲಿಂದ ಬರಬೇಕು?

ಜೀವಮಾನವೆಲ್ಲ ನಾನು ಏನು ಓದಿದೆ, ಏನು ಕಲಿಸಿದೆ ಎಂದು ಊರಿನವರು ಕೇಳಿದಾಗ ನಾನು ಈ ಬಾಳೆಯನ್ನೇ ತೋರಿಸುವುದುಂಟು. ಬಾಳೆಯ ಹಣ್ಣಿನಲ್ಲಿ ಬಿತ್ತುವ ಬೀಜವಿಲ್ಲ. ನಾವು ಮರವೆಂದು ಕರೆಯುವುದು ಮರವಲ್ಲ. ಒಂದರ ಮೇಲೊಂದು ಸುತ್ತಿಕೊಂಡ ಎಲೆಯ ಪದರುಗಳು. ನಿಜವಾದ ಕಾಂಡ ನೆಲದೊಳಗಿನ ಗಡ್ಡೆ. ಆ ಗಡ್ಡೆಯ ಮಗ್ಗುಲಲ್ಲಿ ಕಣ್ಣುಗಳಿರುತ್ತವೆ, ಕಣ್ಣಿನಿಂದ ಕಂದು ಏಳುತ್ತದೆ. ತಾಯಿಗಿಡ ಒಂದೇ ಗೊನೆ ಕೊಟ್ಟು ಬಿದ್ದುಹೋಗುತ್ತದೆ, ಕಂದು ಮುಂದುವರಿಯುತ್ತದೆ. ನಾನು ಆರೇಳು ವರ್ಷದವನಿದ್ದಾಗ ಮುತ್ಯಾ ಕುಡುಗೋಲಿನಿಂದ ಒಂದು ಗಡ್ಡೆಯನ್ನು ಸೀಳಿ, ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಒಂದು ಬಿಳಿಯ ಚುಕ್ಕೆಯನ್ನು ತೋರಿಸಿ, “ಇದರಾಗ ಇಡೀ ಗಿಡ ಅದ ನೋಡು” ಎಂದಿದ್ದ. ಎಲೆಯೂ ಅಲ್ಲ, ಬೇರೂ ಅಲ್ಲ, ಹೂವೂ ಅಲ್ಲ. ಆದರೆ ಇವೆಲ್ಲವೂ ಆಗಬಲ್ಲದ್ದು. ಅದೇ ಬಗೆಯ ಕಣಗಳು ಪ್ರಾಣಿಗಳ ದೇಹದಲ್ಲಿಯೂ ಇವೆ. ಇಂಗ್ಲಿಷಿನಲ್ಲಿ ಅವುಗಳಿಗೆ ಸ್ಟೆಮ್ ಸೆಲ್ ಎಂದು ಹೆಸರು. ನಮ್ಮ ಪತ್ರಿಕೆಗಳು ಕೆಲವೊಮ್ಮೆ ಕಾಂಡಕೋಶವೆಂದೂ ಕೆಲವೊಮ್ಮೆ ಆಕರಕೋಶವೆಂದೂ ಬರೆಯುತ್ತವೆ. ನನಗೆ ಆಕರಕೋಶವೇ ಲೇಸೆನ್ನಿಸುತ್ತದೆ. ಆದರೆ ಮುತ್ಯಾ ಇದ್ದಿದ್ದರೆ ಎರಡನ್ನೂ ಬಿಟ್ಟು ‘ಕಂದುಕೋಶ’ ಎಂದು ಬಿಡುತ್ತಿದ್ದನೇನೋ!

ನಾನು ಪ್ರಾಣಿಶಾಸ್ತ್ರದ ಸ್ನಾತಕೋತ್ತರ ಪದವಿಗೆ ಸೇರಿದಾಗ ಕಲಬುರಗಿಗೆ ಗುಲ್ಬರ್ಗವೆಂದೇ ಹೆಸರು. ಈಗಿನ ಹೆಸರು ಅಧಿಕೃತವಾದದ್ದು ೨೦೧೪ರ ನವೆಂಬರ್ ೧ರಂದು. ವಿಶ್ವವಿದ್ಯಾಲಯವೂ ಆಗ ಇರಲಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದವರು ೧೯೭೦ರಲ್ಲಿ ತೆರೆದಿದ್ದ ಸ್ನಾತಕೋತ್ತರ ಕೇಂದ್ರವಿತ್ತು. ಅದೇ ೧೯೮೦ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯವಾಯಿತು. ಅಲ್ಲಿ ಮೊಟ್ಟೆಯ ಚಿಪ್ಪನ್ನು ಕಿಟಕಿಯಂತೆ ಕತ್ತರಿಸಿ, ಎರಡನೆಯ ದಿನದ ಕೋಳಿಯ ಭ್ರೂಣವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ ಮುಂಜಾನೆ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ. ಕೊಕ್ಕಿಲ್ಲ, ರೆಕ್ಕೆಯಿಲ್ಲ, ಕಾಲಿಲ್ಲ. ಹೃದಯವೊಂದು ಆಗಲೇ ಮಿಡಿಯುತ್ತಿತ್ತು.

ರಜೆಗೆ ಊರಿಗೆ ಹೋದಾಗ ಈ ಸೋಜಿಗವನ್ನು ಅವ್ವನಿಗೆ ವಿವರಿಸಿದೆ. ನಮ್ಮದು ಮೊಟ್ಟೆಯನ್ನು ಹೊಸ್ತಿಲೊಳಗೆ ತರದ ಮನೆ. ಅವ್ವ ಮೊದಲು ನನ್ನನ್ನು ಬಚ್ಚಲಿಗೆ ಕಳುಹಿಸಿದಳು. ಆಮೇಲೆ ಊಟಕ್ಕೆ ಬಡಿಸುತ್ತ ಕೇಳಿದಳು: “ನೀ ನೋಡಿದ ಮ್ಯಾಲ ಆ ಮರಿ ಏನಾಗ್ತದ? ಅದಕ ನೋವಾಗ್ತದೇನು?” ನಾನು ನಕ್ಕುಬಿಟ್ಟೆ. ಮುಂದೆ ಮೂವತ್ತು ವರ್ಷಗಳ ಮೇಲೆ ದೊಡ್ಡದೊಡ್ಡ ಸಭೆಗಳಲ್ಲಿ, ನನಗಿಂತ ಬಹುಪಾಲು ತಿಳಿದವರು ಕುಳಿತು ಚರ್ಚಿಸಿದ್ದು ಈ ಎರಡು ಪ್ರಶ್ನೆಗಳನ್ನೇ. ಭ್ರೂಣವನ್ನು ಎಷ್ಟು ದಿನದವರೆಗೆ ಗಾಜಿನ ಬಟ್ಟಲಿನಲ್ಲಿ ಬೆಳೆಸಬಹುದು? ನಮ್ಮ ದೇಶದ ನಿಯಮಾವಳಿಯಲ್ಲಿ ಮಾನವ ಭ್ರೂಣಕ್ಕೆ ಹಾಕಿದ ಮೇರೆ ಹದಿನಾಲ್ಕು ದಿನ, ಅಥವಾ ಬೆನ್ನಿನ ಮೊದಲ ಗೆರೆ ಮೂಡುವವರೆಗೆ. ಯಾವುದು ಮೊದಲೋ ಅದು. ಆ ಗೆರೆ ಮೂಡುವವರೆಗೆ ಒಂದು ಭ್ರೂಣ ಎರಡಾಗಿ ಒಡೆದು ಅವಳಿಯಾಗಬಹುದು, ನರಮಂಡಲದ ಸುಳಿವೂ ಇರುವುದಿಲ್ಲ ಎಂಬುದು ಅದರ ಹಿಂದಿನ ವಾದ. ಅವ್ವನ ಪ್ರಶ್ನೆಗೆ ಇದು ಪೂರ್ತಿ ಉತ್ತರವಲ್ಲ. ಆದರೂ ಉತ್ತರ ಕೊಡಲು ಯತ್ನಿಸಿದವರಾದರೂ ಇದ್ದಾರೆ, ನಾನು ನಕ್ಕಿದ್ದೆ.

ಆಕರಕೋಶಗಳ ಕಥೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಎರಡು ಮೂರು ಮಾತು ಸಾಕು. ೧೯೬೧ರಲ್ಲಿ ಕೆನಡಾದ ಟೊರಾಂಟೋದಲ್ಲಿ ಟಿಲ್ ಮತ್ತು ಮೆಕ್ಯುಲಕ್ ಎಂಬಿಬ್ಬರು, ವಿಕಿರಣದಿಂದ ರಕ್ತೋತ್ಪತ್ತಿ ನಿಂತುಹೋದ ಇಲಿಗಳಿಗೆ ಆರೋಗ್ಯವಂತ ಇಲಿಗಳ ಎಲುಬಿನ ಮಜ್ಜೆಯನ್ನು ಕೊಟ್ಟು ನೋಡಿದರು. ಹತ್ತು ದಿನಗಳಲ್ಲಿ ಅವುಗಳ ಗುಲ್ಮದ ಮೇಲೆ ಸಣ್ಣ ಸಣ್ಣ ಗಂಟುಗಳೆದ್ದವು. ಒಂದೊಂದು ಗಂಟೂ ಒಂದೊಂದು ಕೋಶದ ಸಂತಾನವೆಂದು ಮುಂದೆ ಸಿದ್ಧವಾಯಿತು. ೧೯೯೮ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜೇಮ್ಸ್ ಥಾಮ್ಸನ್ ಮಾನವ ಭ್ರೂಣದಿಂದ ಅಂಥ ಕೋಶಗಳನ್ನು ತೆಗೆದು ಬೆಳೆಸಿದರು. ಅದರ ಬೆನ್ನಿಗೇ ಜಗಳವೂ ಎದ್ದಿತು. ೨೦೦೧ರಲ್ಲಿ ಅಮೆರಿಕದ ಅಧ್ಯಕ್ಷರು, ಆವರೆಗೆ ಸಿದ್ಧವಾಗಿದ್ದ ಕೋಶಶ್ರೇಣಿಗಳ ಮೇಲಿನ ಕೆಲಸಕ್ಕೆ ಮಾತ್ರ ಸರಕಾರದ ಹಣವೆಂದು ಸಾರಿದಾಗ ಒಂದು ಪಟ್ಟಿ ಹೊರಬಿತ್ತು. ಆ ಪಟ್ಟಿಯಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಹೆಸರೂ ಇತ್ತು. ಕಲಬುರಗಿಯ ಒಂದು ಕಾಲೇಜಿನ ಅಧ್ಯಾಪಕರ ಕೋಣೆಯಲ್ಲಿ ಆ ಸುದ್ದಿಯನ್ನೋದಿದ ನಾನು ಮರುವರ್ಷವೇ ರಜೆ ಹಾಕಿ ಬೆಂಗಳೂರಿಗೆ ಹೊರಟೆ. ನನಗಾಗ ನಲವತ್ತೈದು ವರ್ಷ. ಪ್ರಯೋಗಶಾಲೆಯ ಹುಡುಗರು ನನ್ನನ್ನು ಮೇಷ್ಟ್ರೆಂದು ಕರೆದು, ನಳಿಗೆ ಹಿಡಿಯುವುದನ್ನು ಹೊಸದಾಗಿ ಕಲಿಸಿದರು.

ಅಲ್ಲಿ ಕಳೆದ ವರ್ಷಗಳು ಸುಖದ ವರ್ಷಗಳು. ಆಕರಕೋಶಗಳನ್ನು ಸಾಕುವುದೆಂದರೆ ಎಳೆಗೂಸನ್ನು ಸಾಕಿದಂತೆ. ದಿನವೂ ಆಹಾರದ್ರವ ಬದಲಿಸಬೇಕು, ಭಾನುವಾರವಿಲ್ಲ, ಹಬ್ಬವಿಲ್ಲ. ಶರಣಬಸವೇಶ್ವರರ ಜಾತ್ರೆಗೆ ಎರಡು ವರ್ಷ ನಾನು ಬರಲಾಗಲಿಲ್ಲವೆಂದು ಮನೆಯಲ್ಲಿ ಮುನಿಸಾಯಿತು. ಅಷ್ಟು ಮಾಡಿಯೂ ಒಂದು ಬೆಳಗ್ಗೆ ಬಂದು ನೋಡಿದರೆ ಬಟ್ಟಲೆಲ್ಲ ಬೂಷ್ಟು! ಆದರೆ ಒಂದು ದಿನ ನನ್ನ ಬಟ್ಟಲಿನಲ್ಲಿ ಇಲಿಯ ಆಕರಕೋಶಗಳ ಒಂದು ಗುಂಪು, ಯಾರೂ ಹೇಳದೆ, ಯಾರೂ ಕಲಿಸದೆ ಮಿಡಿಯತೊಡಗಿತು. ಹೃದಯದ ಸ್ನಾಯುವಾಗಿತ್ತು ಅದು. ಮೊಟ್ಟೆಯೊಳಗೆ ಕಂಡ ಆ ಮಿಡಿತವನ್ನು ಇಪ್ಪತ್ತೈದು ವರ್ಷಗಳ ಮೇಲೆ ಗಾಜಿನಲ್ಲಿ ಕಂಡೆ. ಅದರ ಚಲನಚಿತ್ರವನ್ನು ತೆಗೆದು ಇಟ್ಟುಕೊಂಡೆ. ಆ ಚಿತ್ರವೇ ಮುಂದೆ ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿತು.

೨೦೦೮ರಲ್ಲಿ ನಾನು ಮರಳಿ ಕಲಬುರಗಿಗೆ ಬಂದಿದ್ದೆ. ಚರ್ಮದ ಸಾಧಾರಣ ಕೋಶವನ್ನೇ ಹಿಂದಕ್ಕೆ ನಡೆಸಿ ಭ್ರೂಣಾವಸ್ಥೆಯ ಆಕರಕೋಶದಂತೆ ಮಾಡಬಹುದೆಂದು ಜಪಾನಿನ ಶಿನ್ಯಾ ಯಮನಾಕ ೨೦೦೬ರಲ್ಲಿ ಇಲಿಯಲ್ಲಿಯೂ ೨೦೦೭ರಲ್ಲಿ ಮನುಷ್ಯರಲ್ಲಿಯೂ ತೋರಿಸಿದ್ದರು. ಅವರಿಗೆ ೨೦೧೨ರಲ್ಲಿ ನೊಬೆಲ್ ಬಂತು. ಲೋಕವೆಲ್ಲ ಅದೇ ಮಾತು. ನಗರದ ಒಂದು ಸಭಾಂಗಣದಲ್ಲಿ ಸಾರ್ವಜನಿಕ ಉಪನ್ಯಾಸ ಕೊಡಬೇಕೆಂದು ಕೇಳಿದರು, ಕೊಟ್ಟೆ. ಕನ್ನಡದಲ್ಲಿಯೇ ಮಾತನಾಡಿದೆ, ಸಭೆ ತುಂಬಿತ್ತು. ಕೊನೆಯಲ್ಲಿ ದೀಪ ಆರಿಸಿ ಮಿಡಿಯುವ ಕೋಶಗಳ ಚಿತ್ರವನ್ನು ಪರದೆಯ ಮೇಲೆ ತೋರಿಸಿದೆ. ಕತ್ತಲಲ್ಲಿ ಜನ ಉಸಿರು ಬಿಗಿಹಿಡಿದದ್ದು ನನಗೆ ಕೇಳಿಸಿತು. ಹೆಮ್ಮೆಯಾಯಿತು, ಮುಚ್ಚಿಡುವುದೇಕೆ? “ಕುರುಡರಿಗೆ ಕಣ್ಣು, ಹೆಳವರಿಗೆ ಕಾಲು ಬರುವ ದಿನ ದೂರವಿಲ್ಲ” ಎಂದು ಹೇಳಿ ಕುಳಿತೆ. ಚಪ್ಪಾಳೆ ಬಿತ್ತು.

ಹಿಂದಿನ ಸಾಲಿನಲ್ಲಿ ಕಮಲಾಪುರದಿಂದ ಬಂದ ನನ್ನ ಕಾಕಾನ ಮಗ ಕುಳಿತಿದ್ದ. ಅವನ ಮಗನಿಗೆ ಆಗ ಏಳು ವರ್ಷ. ಐದರವರೆಗೆ ಓಡಾಡಿಕೊಂಡಿದ್ದ ಹುಡುಗ ಬರಬರುತ್ತ ಬಾತುಕೋಳಿಯಂತೆ ನಡೆಯತೊಡಗಿದ್ದ. ನೆಲದಿಂದೇಳಲು ತನ್ನ ತೊಡೆಯನ್ನೇ ಕೈಯಿಂದ ಹತ್ತಿದಂತೆ ಹತ್ತಿ ಏಳುತ್ತಿದ್ದ. ಡುಶೆನ್ ಸ್ನಾಯುಕ್ಷಯವೆಂದು ವೈದ್ಯರು ಹೆಸರು ಹೇಳಿದ್ದರು. ಸುಮಾರು ಐದು ಸಾವಿರ ಗಂಡುಮಕ್ಕಳಲ್ಲಿ ಒಬ್ಬನಿಗೆ ಬರುವ ರೋಗವಿದು. ಸ್ನಾಯುವಿನ ಗೋಡೆಯನ್ನು ಬಿಗಿಯಾಗಿಡುವ ಡಿಸ್ಟ್ರೊಫಿನ್ ಎಂಬ ಪ್ರೋಟೀನು ಅಂಥ ಮಕ್ಕಳಲ್ಲಿ ತಯಾರಾಗುವುದೇ ಇಲ್ಲ. ಸ್ಟೀರಾಯ್ಡ್ ಗುಳಿಗೆ ಕೊಟ್ಟು, ಅಂಗಸಾಧನೆ ಮಾಡಿಸಿ, ನಡೆಯುವ ವರ್ಷಗಳನ್ನು ಒಂದೆರಡು ಹೆಚ್ಚಿಸಬಹುದು. ಅದನ್ನು ವೈದ್ಯರು ಮಾಡುತ್ತಲೇ ಇದ್ದರು.

ಸಭೆ ಚದುರಿದ ಮೇಲೆ ಅವನು ಬಂದು ನನ್ನ ಕೈಹಿಡಿದ. “ಅಣ್ಣಾ, ನೀ ತೋರಿಸಿದ್ದು ನಮ್ಮ ಹುಡುಗಗ ಆಗ್ತದೇನು?”

“ಈಗಂತೂ ಇಲ್ಲ, ತಮ್ಮಾ. ಆದರ ಕೆಲಸ ನಡದದ, ಭರವಸೆ ಇಟ್ಕೋ” ಎಂದೆ.

ನಾನು ಹೇಳಿದ್ದರಲ್ಲಿ ಸುಳ್ಳೊಂದೂ ಇರಲಿಲ್ಲ. ಎರಡು ವಾಕ್ಯಗಳಲ್ಲಿ ಮೊದಲನೆಯದು ಅವನ ಕಿವಿಗೆ ಬೀಳಲಿಲ್ಲ, ಅಷ್ಟೆ. ಬೀಳುವಂತೆ ಹೇಳುವುದು ನನ್ನ ಕೆಲಸವಾಗಿತ್ತು ಎಂಬುದು ನನಗೆ ಆಗ ಹೊಳೆಯಲಿಲ್ಲ. ವಾಹನ ಕಾಯುತ್ತಿತ್ತು, ಹಾರವಿತ್ತು, ಊಟಕ್ಕೆ ಕರೆದಿದ್ದರು.

ಮರುವರ್ಷ ಅವನು ಬಾವಿಯಿದ್ದ ಎರಡು ಎಕರೆ ಬಾಳೆಯ ತೋಟವನ್ನು ಮಾರಿ, ದೂರದ ಒಂದು ಪಟ್ಟಣದ ಚಿಕಿತ್ಸಾಲಯಕ್ಕೆ ಮಗನನ್ನು ಕರೆದೊಯ್ದನೆಂಬುದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಹುಡುಗನ ಸೊಂಟದ ಎಲುಬಿನಿಂದ ಮಜ್ಜೆಯನ್ನು ತೆಗೆದು, ಅದರಲ್ಲಿಯ ಕೋಶಗಳನ್ನು ಬೇರ್ಪಡಿಸಿ, ಅವನಿಗೇ ಮರಳಿ ಚುಚ್ಚಿದ್ದರು. ಮೂರು ಸಲ, ನಾಲ್ಕು ಲಕ್ಷ ರೂಪಾಯಿ. ಮೊದಲ ತಿಂಗಳು ಹುಡುಗ ತನಗೆ ಬಲ ಬಂದಿದೆಯೆಂದ. ತಂದೆ ಅಷ್ಟು ಆಸೆಯಿಂದ ಮುಖ ನೋಡುತ್ತ ಕೇಳಿದರೆ ಯಾವ ಮಗು ಇಲ್ಲವೆಂದೀತು? ಹತ್ತನೆಯ ವರ್ಷಕ್ಕೆ ಅವನು ಗಾಲಿಕುರ್ಚಿ ಹಿಡಿದ.

ಅವರು ಕೊಟ್ಟಿದ್ದ ಬಣ್ಣದ ಹೊತ್ತಗೆಯನ್ನು ತಮ್ಮ ನನಗೆ ತಂದು ತೋರಿಸಿದ. ಅದರ ಮುಖಪುಟದಲ್ಲಿ ಬಟ್ಟಲಿನೊಳಗಿನ ಕೋಶಗಳ ಚಿತ್ರ. ನನ್ನದಲ್ಲ, ಆದರೆ ನನ್ನದೂ ಆಗಬಹುದಾಗಿತ್ತು. ಒಳಗೆ ದಪ್ಪಕ್ಷರದಲ್ಲಿ ಭರವಸೆ ಎಂಬ ಪದ. ನಾನದನ್ನು ಮಡಿಸಿ ಹಿಂದಕ್ಕೆ ಕೊಡಲು ಹೋದೆ, ಅವನು ತೆಗೆದುಕೊಳ್ಳಲಿಲ್ಲ. ಈಗಲೂ ಅದು ನನ್ನ ಮೇಜಿನ ಸೆಳೆಖಾನೆಯಲ್ಲಿದೆ.

ನನ್ನನ್ನು ಇಂದಿಗೂ ಚುಚ್ಚುವ ಸಂಗತಿ ಬೇರೆಯೇ ಇದೆ. ಆ ಹುಡುಗನ ಮಜ್ಜೆಯ ಕೋಶಗಳೂ ಆ ಹುಡುಗನವೇ ಅಲ್ಲವೇ? ಡಿಸ್ಟ್ರೊಫಿನ್ನಿನ ಜೀನು ಅವನ ಕಾಲಿನ ಸ್ನಾಯುವಿನಲ್ಲಿ ಹೇಗೆ ಕೆಟ್ಟಿತ್ತೋ ಮಜ್ಜೆಯಲ್ಲಿಯೂ ಹಾಗೆಯೇ ಕೆಟ್ಟಿತ್ತು. ಮಜ್ಜೆಯ ಕೋಶ ಸ್ನಾಯುವಾಗುವುದೇ ಅನುಮಾನ. ಆದರೂ ಅದು ಅದೇ ರೋಗದ ಸ್ನಾಯುವಾದೀತು. ರೋಗ ಹತ್ತಿದ ಬಾಳೆಯ ಕಂದನ್ನು ಕಿತ್ತು ಅದೇ ತೋಟದ ಇನ್ನೊಂದು ಮೂಲೆಯಲ್ಲಿ ನೆಟ್ಟಂತೆ! ಕಮಲಾಪುರದ ಯಾವ ರೈತನಿಗಾದರೂ ಈ ಮಾತು ಅರ್ಥವಾಗುತ್ತಿತ್ತು. ಹೇಳಲು ಐದು ನಿಮಿಷ ಸಾಕಾಗಿತ್ತು. ಸಭೆಯಲ್ಲಿ ನನಗೆ ಕೊಟ್ಟಿದ್ದು ಒಂದು ಗಂಟೆ.

ಜೀವನೀತಿಶಾಸ್ತ್ರವೆಂಬ ವಿಷಯಕ್ಕೆ ನಾನು ಬಂದದ್ದು ಹೀಗೆ, ಹಿತ್ತಿಲ ಬಾಗಿಲಿನಿಂದ. ಪ್ರಯೋಗಶಾಲೆಯ ಗೆಳೆಯರು, ಕೈ ನಡುಗತೊಡಗಿದವರು ನೀತಿಯ ಕಡೆ ತಿರುಗುತ್ತಾರೆಂದು ತಮಾಷೆ ಮಾಡಿದರು. ಅದರಲ್ಲಿ ಸ್ವಲ್ಪ ನಿಜವೂ ಇತ್ತು. ಅದಿರಲಿ. ಓದಲು ಕುಳಿತಾಗ, ನಾನು ಎಷ್ಟು ವರ್ಷ ಎಷ್ಟನ್ನು ನೋಡದೆ ಬಿಟ್ಟಿದ್ದೆನೆಂದು ತಿಳಿಯಿತು. ದಕ್ಷಿಣ ಕೊರಿಯಾದ ಹ್ವಾಂಗ್ ವೂ-ಸುಕ್ ೨೦೦೪ ಮತ್ತು ೨೦೦೫ರಲ್ಲಿ ಪ್ರಕಟಿಸಿದ ಎರಡು ಲೇಖನಗಳನ್ನು ನಾನು ತರಗತಿಯಲ್ಲಿ ಉತ್ಸಾಹದಿಂದ ಪಾಠ ಮಾಡಿದ್ದೆ. ೨೦೦೬ರ ಆರಂಭದಲ್ಲಿ ಎರಡೂ ಕಪಟವೆಂದು ಹಿಂತೆಗೆಯಲ್ಪಟ್ಟವು. ಅಂಕಿಗಳು ಸುಳ್ಳೆಂಬುದಕ್ಕಿಂತ ಮೊದಲು ಹೊರಬಿದ್ದ ಗುಟ್ಟು, ಅಂಡಾಣುಗಳನ್ನು ಅವರ ಪ್ರಯೋಗಶಾಲೆಯ ಕಿರಿಯ ಹೆಣ್ಣುಮಕ್ಕಳೇ ಕೊಟ್ಟಿದ್ದರೆಂಬುದು. ಗುರುವಿಗೆ ಇಲ್ಲವೆನ್ನಲು ಯಾವ ಶಿಷ್ಯೆಗೆ ಸಾಧ್ಯ? ಆ ಒಪ್ಪಿಗೆ ಒಪ್ಪಿಗೆಯೇ?

ಇದಕ್ಕೆ ಪ್ರತಿಯಾಗಿ ಬೆಂಗಳೂರಿನದೇ ಒಂದು ಉದಾಹರಣೆಯನ್ನು ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಂದಾರ್ ಮತ್ತು ಅವರ ಸಂಗಡಿಗರು ೨೦೦೯ರಲ್ಲಿ ಮಾನವ ಭ್ರೂಣದ ಎರಡು ಆಕರಕೋಶ ಶ್ರೇಣಿಗಳನ್ನು ಪ್ರಕಟಿಸಿದರು. ಅವು ಒಡಹುಟ್ಟಿದ ಶ್ರೇಣಿಗಳು. ಪ್ರನಾಳ ಶಿಶು ಚಿಕಿತ್ಸೆಯಲ್ಲಿ, ಗರ್ಭಕ್ಕೆ ಸೇರಿಸಲು ಯೋಗ್ಯವಲ್ಲವೆಂದು ಬದಿಗಿಟ್ಟ ಕೆಳದರ್ಜೆಯ ಭ್ರೂಣಗಳಿಂದ ಅವುಗಳನ್ನು ಬೆಳೆಸಿದ್ದರು. ಎಸೆಯುವುದರಿಂದಲೇ ಎತ್ತಿಕೊಂಡರೆ ಕೊಟ್ಟವರ ಮನಸ್ಸಿನ ಭಾರವೂ ಕಡಿಮೆ ಎಂಬುದು ನನ್ನ ತಿಳುವಳಿಕೆ. ೨೦೧೮ರ ನವೆಂಬರಿನಲ್ಲಿ ಚೀನದ ಹೆ ಜಿಯಾನ್‌ಕುಯಿ ಎಂಬಾತ ಅವಳಿ ಹೆಣ್ಣುಮಕ್ಕಳ ಜೀನುಗಳನ್ನು ಭ್ರೂಣದಲ್ಲಿಯೇ ತಿದ್ದಿದೆನೆಂದು ಸಾರಿ ಲೋಕವನ್ನು ಬೆಚ್ಚಿಬೀಳಿಸಿದಾಗ, ವಿಶ್ವ ಆರೋಗ್ಯ ಸಂಸ್ಥೆ ಒಂದು ತಜ್ಞರ ಸಮಿತಿಯನ್ನು ರಚಿಸಿತು. ೨೦೨೧ರ ಜುಲೈಯಲ್ಲಿ ವರದಿ ಕೊಟ್ಟ ಆ ಸಮಿತಿಯಲ್ಲಿ ಇದೇ ಇನಾಂದಾರ್ ಅವರೂ ಸದಸ್ಯರಾಗಿದ್ದರು. ಬಟ್ಟಲು ಹಿಡಿದ ಕೈಯೇ ನಿಯಮವನ್ನೂ ಬರೆಯಬೇಕು ಎಂದು ನಾನು ನಂಬುತ್ತೇನೆ. ಬಟ್ಟಲನ್ನೇ ಕಾಣದವರು ಬರೆದ ನಿಯಮ ಒಂದೋ ಹೆದರಿಸುತ್ತದೆ, ಇಲ್ಲವೇ ಮರುಳುಮಾಡುತ್ತದೆ.

ನಮ್ಮ ದೇಶದ ನಿಯಮಾವಳಿಯ ವಿಷಯದಲ್ಲಿ ಒಂದು ಸಣ್ಣ ಸಂಗತಿಯಿದೆ. ಅದನ್ನು ಹೇಳದೆ ಮುಂದೆ ಹೋಗಲಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ೨೦೦೭ರಲ್ಲಿ ಹೊರತಂದ ಹೊತ್ತಗೆಯ ಹೆಸರಿನಲ್ಲಿ ‘ಆಕರಕೋಶ ಸಂಶೋಧನೆ ಮತ್ತು ಚಿಕಿತ್ಸೆ’ ಎಂದಿತ್ತು. ೨೦೧೩ರಲ್ಲಿ ಪರಿಷ್ಕರಿಸಿದಾಗ ‘ಚಿಕಿತ್ಸೆ’ ಎಂಬ ಪದವನ್ನು ಬೇಕೆಂದೇ ಹೆಸರಿನಿಂದ ಕಿತ್ತುಹಾಕಿದರು. ಚಿಕಿತ್ಸೆಯೆಂದು ಸಿದ್ಧವಾಗದ್ದನ್ನು ಚಿಕಿತ್ಸೆಯೆಂದು ಕರೆಯಬಾರದು ಎಂದು. ೨೦೧೭ರ ಪರಿಷ್ಕರಣ ಅದನ್ನು ಇನ್ನಷ್ಟು ಬಿಗಿಮಾಡಿತು: ರಕ್ತದ ಕೆಲವು ರೋಗಗಳಿಗೆ ಮಾಡುವ ಮಜ್ಜೆಯ ಕಸಿಯಂಥವನ್ನು ಬಿಟ್ಟರೆ, ಉಳಿದುದೆಲ್ಲ ಅನುಮತಿ ಪಡೆದ ಪ್ರಯೋಗವಾಗಿಯೇ ನಡೆಯಬೇಕು. ಒಂದು ಪದ ಬಿದ್ದುಹೋಗಲು ಆರು ವರ್ಷ ಹಿಡಿಯಿತು. ನಮ್ಮ ಎರಡು ಎಕರೆ ಅದಕ್ಕೂ ಮೊದಲೇ ಹೋಗಿತ್ತು.

ಹಾಗೆಂದು ಈ ವಿದ್ಯೆಯೇ ಮೋಸವೆಂದು ಓದುಗರು ತಿಳಿಯಬಾರದು. ವೇಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ೧೯೮೬ರಿಂದ ಮಜ್ಜೆಯ ಕಸಿ ನಡೆಯುತ್ತಿದೆ; ಥಲಸೇಮಿಯಾದಿಂದ ತಿಂಗಳು ತಿಂಗಳು ಪರರ ರಕ್ತ ಪಡೆಯುತ್ತಿದ್ದ ಮಕ್ಕಳು ಅದರಿಂದ ಗುಣಹೊಂದಿ ಶಾಲೆಗೆ ಹೋಗಿದ್ದಾರೆ. ನಮ್ಮ ಕಡೆಯವರಿಗೆ ಇನ್ನೂ ಹತ್ತಿರದ ಉದಾಹರಣೆ ಹೈದರಾಬಾದಿನದು. ಎಲೆಅಡಿಕೆಯ ಸುಣ್ಣದ ಪೊಟ್ಟಣವನ್ನು ಹಿಚುಕಿ ಕಣ್ಣು ಸುಟ್ಟುಕೊಂಡ ಮಕ್ಕಳನ್ನು ನೀವೂ ಕಂಡಿರಬಹುದು. ಸುಣ್ಣ ಸುಡುವುದು ಕರಿಯ ಗುಡ್ಡೆಯ ಅಂಚಿನಲ್ಲಿ ಇರುವ ಆಕರಕೋಶಗಳನ್ನು. ಅವು ಸತ್ತರೆ ಕಣ್ಣಿನ ಪಾರದರ್ಶಕ ಪರೆ ಮತ್ತೆ ಬೆಳೆಯದೆ ಬಿಳಿಚಿ ಮುಚ್ಚಿಕೊಳ್ಳುತ್ತದೆ. ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯವರು ೨೦೦೧ರಿಂದ, ಚೆನ್ನಾಗಿರುವ ಇನ್ನೊಂದು ಕಣ್ಣಿನ ಅಂಚಿನ ಚೂರೊಂದನ್ನು ತೆಗೆದು, ಬೆಳೆಸಿ, ಸುಟ್ಟ ಕಣ್ಣಿಗೆ ಹಚ್ಚುತ್ತ ಬಂದರು. ಎಷ್ಟು ಕಣ್ಣು ಉಳಿಯಿತು, ಎಷ್ಟು ಉಳಿಯಲಿಲ್ಲ ಎಂಬ ಲೆಕ್ಕವನ್ನೂ ವರ್ಷವರ್ಷ ಪ್ರಕಟಿಸಿದರು. ಉಳಿಯದವುಗಳ ಲೆಕ್ಕ ಕೊಡುವವನನ್ನು ನಂಬಬಹುದು. ಆ ಬಣ್ಣದ ಹೊತ್ತಗೆಯಲ್ಲಿ ಅಂಥ ಒಂದು ಅಂಕಿಯೂ ಇರಲಿಲ್ಲ.

ಕಲಬುರಗಿಯಲ್ಲಿ ಕೆಲವು ವರ್ಷ ನಾನು ನೀತಿಸಮಿತಿಯೊಂದರಲ್ಲಿ ಕುಳಿತೆ. ಇಂಥ ಸಮಿತಿಯಲ್ಲಿ ವೈದ್ಯರಷ್ಟೇ ಇದ್ದರೆ ಸಾಲದು. ಕಾನೂನು ಬಲ್ಲವರೊಬ್ಬರು, ಸಾಮಾನ್ಯ ಜನರಲ್ಲೊಬ್ಬರು ಇರಬೇಕೆಂದು ನಿಯಮ. ನಮ್ಮಲ್ಲಿ ಆ ಸಾಮಾನ್ಯ ಜನರ ಪ್ರತಿನಿಧಿ ನಿವೃತ್ತ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು. ಮೊದಲ ಎರಡು ಸಭೆ ಅವರು ಬಾಯಿಬಿಡಲಿಲ್ಲ. ಮೂರನೆಯದರಲ್ಲಿ ಒಪ್ಪಿಗೆ ಪತ್ರದ ಕನ್ನಡ ಅನುವಾದವನ್ನು ಮುಂದಿಟ್ಟುಕೊಂಡು, “ಸರ್, ಇದನ್ನ ಒಮ್ಮೆ ಗಟ್ಟಿಯಾಗಿ ಓದ್ರಿ” ಎಂದರು. ಓದಿದೆ. ‘ಸ್ವಯಂಪ್ರೇರಿತ ಭಾಗವಹಿಸುವಿಕೆ’, ‘ಯಾದೃಚ್ಛಿಕ ವಿಂಗಡಣೆ’, ‘ಪ್ರತಿಕೂಲ ಪರಿಣಾಮ’. “ಈಗ ನಿಮ್ಮ ತಾಯಿಗೆ ಹೇಳಿದಂಗ ಹೇಳ್ರಿ” ಎಂದರು. ನನಗೆ ಬಾಯಿ ಕಟ್ಟಿತು. ಸಂಸ್ಕೃತದ ಹೊದಿಕೆ ಹೊದಿಸಿ ಇಂಗ್ಲಿಷನ್ನೇ ಕನ್ನಡವೆಂದು ನಾವು ಅಷ್ಟು ದಿನ ಕೊಡುತ್ತಿದ್ದೆವು. ಆ ದಿನ ಸಂಜೆ ಅವರೂ ನಾನೂ ಕುಳಿತು ಪತ್ರವನ್ನು ಮೊದಲಿನಿಂದ ಬರೆದೆವು. ಮೊದಲ ಸಾಲು ಹೀಗಿತ್ತು: ‘ಇದು ಔಷಧವಲ್ಲ. ಔಷಧವಾಗುತ್ತದೆಯೋ ಇಲ್ಲವೋ ಎಂದು ನೋಡುತ್ತಿದ್ದೇವೆ. ನಿಮಗೆ ಲಾಭವಾಗದೆಯೂ ಹೋಗಬಹುದು.’ ಹೀಗೆ ಬರೆದರೆ ಯಾರೂ ಸಹಿ ಹಾಕುವುದಿಲ್ಲವೆಂದು ಒಬ್ಬ ಸದಸ್ಯರು ಗೊಣಗಿದರು. ಜನ ಹಾಕಿದರು. ಮೊದಲಿಗಿಂತ ಕಡಿಮೆ ಜನ, ಮೊದಲಿಗಿಂತ ಹೆಚ್ಚು ಪ್ರಶ್ನೆ ಕೇಳಿ.

ಕನ್ನಡವೊಂದರಿಂದಲೇ ನಮ್ಮ ಊರಿನಲ್ಲಿ ಕೆಲಸ ಸಾಗುವುದಿಲ್ಲ ಎನ್ನುವುದು ಬೇರೆ ಮಾತು. ಉರ್ದು ಬೇಕು, ಗಡಿಯ ಕಡೆಯವರಿಗೆ ಮರಾಠಿ, ತೆಲುಗು ಬೇಕು, ತಾಂಡಾಗಳಿಂದ ಬಂದವರೊಂದಿಗೆ ಲಂಬಾಣಿ ಬಲ್ಲವರು ಕುಳಿತು ಮಾತನಾಡಬೇಕು. ಓದಲು ಬಾರದವರ ಹೆಬ್ಬೆಟ್ಟಿನ ಜೊತೆಗೆ, ಸಂಶೋಧಕರ ಕಡೆಗೂ ಸೇರದ ಸಾಕ್ಷಿಯೊಬ್ಬರಿರಬೇಕು. ಇದೆಲ್ಲಕ್ಕಿಂತ ನಾನು ಜನರಿಗೆ ಸುಲಭವಾಗಿ ಹೇಳಿಕೊಡುತ್ತಿದ್ದ ಒರೆಗಲ್ಲು ಒಂದೇ. ಪ್ರಯೋಗವೆಂದು ಹೇಳಿ ನಿಮ್ಮಿಂದ ಹಣ ಕೇಳಿದರೆ ಅದು ಪ್ರಯೋಗವಲ್ಲ. ಪ್ರಯೋಗಕ್ಕೆ ಮೈಯೊಡ್ಡಿದವರಿಂದ ಚಿಕಿತ್ಸೆಯ ಹಣ ತೆಗೆದುಕೊಳ್ಳುವಂತಿಲ್ಲ. ಬಂದೇನವಾಜರ ದರ್ಗಾಕ್ಕೆ ಹರಕೆ ಹೊತ್ತು ಬರುವವರನ್ನೂ, ಶರಣಬಸವೇಶ್ವರರ ಗುಡಿಯಲ್ಲಿ ದೀಡ ನಮಸ್ಕಾರ ಹಾಕುವವರನ್ನೂ ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ಅಲ್ಲಿ ಯಾರೂ ಅವರಿಗೆ ಇಷ್ಟು ತಿಂಗಳಲ್ಲಿ ಗುಣವೆಂದು ರಸೀದಿ ಬರೆದುಕೊಟ್ಟದ್ದನ್ನು ಕಂಡಿಲ್ಲ.

ಹುಡುಗನಿಗೆ ಹದಿಮೂರು ವರ್ಷವಾಗಿದ್ದಾಗ ಒಂದು ಮಧ್ಯಾಹ್ನ, ಕಮಲಾಪುರದ ಮನೆಯ ಪಡಸಾಲೆಯಲ್ಲಿ ನಾವಿಬ್ಬರೇ ಇದ್ದೆವು. ಬಲು ಚುರುಕಾದ ಹುಡುಗ. ಚದುರಂಗದಲ್ಲಿ ನನ್ನನ್ನು ದಿನವೂ ಸೋಲಿಸುತ್ತಿದ್ದ. ತನ್ನ ಆನೆಯನ್ನು ಮುಂದಕ್ಕೆ ನಡೆಸಲು ನನ್ನ ಕೈಯನ್ನು ಬಳಸುತ್ತಿದ್ದ. ಆಟದ ನಡುವೆ ತಲೆಯೆತ್ತದೆ ಕೇಳಿದ: “ದೊಡ್ಡಪ್ಪಾ, ನನ್ನ ಎಲುಬಿನ ಕೋಶದಾಗೂ ಅದೇ ರೋಗ ಇತ್ತಂತಲ್ಲಾ? ಪುಸ್ತಕದಾಗ ಓದಿದೆ. ನಿಮಗ ಮೊದಲ ಗೊತ್ತಿತ್ತೇನು?”

“ಗೊತ್ತಿತ್ತು” ಎಂದೆ.

“ಹೇಳಿದ್ರ ಹೊಲ ಉಳೀತಿತ್ತು” ಎಂದ. ಕೋಪವಿರಲಿಲ್ಲ. ಲೆಕ್ಕ ತಪ್ಪಿದ್ದನ್ನು ತೋರಿಸುವವನ ಧ್ವನಿ. ಆಮೇಲೆ, “ನಿಮ್ಮ ಆಟ” ಎಂದ.

೨೦೧೯ರ ಮಳೆಗಾಲದಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡ. ಕೊನೆಯಲ್ಲಿ ಸೋತದ್ದು ಹೃದಯದ ಸ್ನಾಯು. ನಾನು ಸಭೆಯಲ್ಲಿ ತೋರಿಸಿದ್ದೂ ಹೃದಯದ ಸ್ನಾಯುವನ್ನೇ.

ಅವನಿಗೊಬ್ಬಳು ತಂಗಿ. ಕಲಬುರಗಿಯಲ್ಲಿ ಬಿ.ಎಸ್ಸಿ. ಮುಗಿಸಿದ್ದಾಳೆ. ಕಳೆದ ವರ್ಷ ಅವಳಿಗೆ ಸಂಬಂಧಗಳು ಬರತೊಡಗಿದುವು. ಈ ರೋಗ ಗಂಡುಮಕ್ಕಳಿಗೆ ಬಂದರೂ ಬಹುಮಟ್ಟಿಗೆ ಅದನ್ನು ಹೊತ್ತು ತರುವುದು ತಾಯಿ. ಸುಮಾರು ಮೂರರಲ್ಲೊಂದು ಪಾಲು ಕುಟುಂಬಗಳಲ್ಲಿ ಮಾತ್ರ ತಾಯಿಯಲ್ಲಿ ದೋಷವಿರದೆ ಮಗನಲ್ಲಿಯೇ ಹೊಸದಾಗಿ ಮೂಡುತ್ತದೆ. ತಾಯಿಯಲ್ಲಿ ಇದ್ದರೆ ಮಗಳಿಗೂ ಬಂದಿರುವ ಸಂಭವ ಅರ್ಧಕ್ಕರ್ಧ. ತಾಯಿ ಪರೀಕ್ಷೆಗೆ ಎಂದೂ ಒಪ್ಪಲಿಲ್ಲ. ಒಪ್ಪೆಂದು ನಾನು ಒತ್ತಾಯಿಸಲಿಲ್ಲ. ಮಗನನ್ನು ಕಳೆದುಕೊಂಡವಳಿಗೆ, ಅದು ನಿನ್ನಿಂದಲೇ ಬಂತು ಎಂಬ ಕಾಗದವನ್ನು ಕೈಗೆ ಕೊಡುವುದು ಯಾವ ನೀತಿ? ತಂದೆ ಮಾತ್ರ ನನ್ನನ್ನು ಬದಿಗೆ ಕರೆದು ಹೇಳಿದ: “ಅಣ್ಣಾ, ಮಗಳದ್ದು ಸುಮ್ಮನ ಮಾಡಿಸಿಬಿಡು. ಆಕಿಗಿ ಗೊತ್ತಾಗೂದು ಬ್ಯಾಡ. ಏನಿದ್ರೂ ನನಗಷ್ಟ ಹೇಳು.” ಅವನ ಭಯ ನನಗೆ ತಿಳಿಯದ್ದಲ್ಲ. ಸಂಬಂಧ ನೋಡಲು ಬಂದವರ ಮುಂದೆ ಇಂಥ ಒಂದು ಮಾತು ಬಾಯಿ ತಪ್ಪಿ ಬಿದ್ದರೆ ಸಾಕು, ಅದು ಕಮಲಾಪುರ ದಾಟಿ ಹುಮನಾಬಾದು ಮುಟ್ಟಲು ಒಂದು ದಿನವೂ ಬೇಕಿಲ್ಲ. ಅವನಿಗೆ ನಾನು ಸಾಲಗಾರನೂ ಹೌದು. ಆದರೂ ಈ ಸಲ ಮೊದಲ ವಾಕ್ಯವನ್ನು ಕಿವಿಗೆ ಬೀಳುವಂತೆ ಹೇಳಿದೆ. “ಆಗೂದಿಲ್ಲ, ತಮ್ಮಾ. ಆಕೀ ರಕ್ತ, ಆಕೀನೇ ಕೇಳಬೇಕು.” ಎರಡು ತಿಂಗಳು ಅವನು ನನ್ನೊಡನೆ ಮಾತು ಬಿಟ್ಟ.

ಶ್ರಾವಣದಲ್ಲಿ ಒಂದು ಬೆಳಗ್ಗೆ ಹುಡುಗಿ ತಾನೇ ಬಸ್ಸು ಹತ್ತಿ ಕಲಬುರಗಿಗೆ ನನ್ನ ಮನೆಗೆ ಬಂದಳು. ಕೈಚೀಲದಲ್ಲಿ ತಂದೆ ಕಳುಹಿಸಿದ ಒಂದು ಚಿಪ್ಪು ಕೆಂಪು ಬಾಳೆಹಣ್ಣಿತ್ತು. ಅದನ್ನು ಕಂಡು ನನಗೆ ಎಷ್ಟು ಸಮಾಧಾನವಾಯಿತೆಂದು ಬೇರೆ ಹೇಳಬೇಕಿಲ್ಲ. ಚಹ ಕುಡಿದು ಲೋಟವನ್ನು ಕೆಳಗಿಟ್ಟು ಹೇಳಿದಳು: “ದೊಡ್ಡಪ್ಪಾ, ಪರೀಕ್ಷಾ ಮಾಡಿಸ್ಕೋತೀನಿ. ಬಂದದ್ದು ಮೊದಲ ನನಗ ತಿಳೀಬೇಕು. ಯಾರಿಗೆ ಹೇಳೂದು, ಹೇಳಬಾರದು ನಾ ನೋಡ್ಕೋತೀನಿ.”

ರಕ್ತ ತೆಗೆದು ಕಳುಹಿಸುವ ಕಡೆಗೆ ಇಬ್ಬರೂ ಹೋದೆವು. ನಾನು ಹೊರಗಿನ ಬೆಂಚಿನ ಮೇಲೆ ಕುಳಿತೆ. ಒಪ್ಪಿಗೆಯ ಪತ್ರ ಮೂರು ಪುಟವಿತ್ತು. ಆಕೆ ಲೇಖನಿಯನ್ನು ಮುಚ್ಚಳ ತೆಗೆಯದೆ ಬದಿಗಿಟ್ಟು ಓದತೊಡಗಿದಳು. ಎರಡನೆಯ ಪುಟದ ನಡುವೆ ಒಂದು ಪದದ ಕೆಳಗೆ ಬೆರಳಿಟ್ಟು, ಎದ್ದು ಬಂದು, ಇದರ ಅರ್ಥವೇನೆಂದು ಕೇಳಿದಳು.